ಸೋರುವ ಮಾರ್ಕರ್‌ಗೆ ಎಣ್ಣೆ ಮದ್ದಲ್ಲ

ಮಾನ್ಯ ಸಂಪಾದಕರೇ,

ಬಣ್ಣದ ಗುಂಡು ಹೊಡೆದು ಆಡುವ ಪೇಂಟ್‌ಬಾಲ್ ಆಟದ ಕುರಿತು ನಿಮ್ಮ ವಾರದ ಪುರವಣಿಯಲ್ಲಿ ಬಂದ ಬರಹ ಆಟದ ಮಟ್ಟಿಗೆ ಚೆನ್ನಾಗಿತ್ತು. ಆದರೆ ಕೊನೆಯಲ್ಲಿ ಚೌಕಟ್ಟು ಹಾಕಿ ಕೊಟ್ಟ ಸಲಹೆಯನ್ನು ಹಾಗೇ ಬಿಡುವಂತಿಲ್ಲ. 'ಮಾರ್ಕರ್‌ನಿಂದ ಗಾಳಿ ಸೋರುತ್ತಿದ್ದರೆ ಗಾಳಿ ಹೋಗುವ ಬಾಯಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು ಹತ್ತು ಸಲ ಟ್ರಿಗರ್ ಒತ್ತಿ' ಎಂದು ಅದರಲ್ಲಿದೆ. ಮಾರ್ಕರ್ ಎಂದರೆ ಗಾಳಿಯ ಒತ್ತಡದಿಂದ ಆ ಗುಂಡು ಹೊಡೆಯುವ ಸಲಕರಣೆ. ಹಳೆಯ ಮೆಕ್ಯಾನಿಕಲ್ ಮಾರ್ಕರ್‌ಗಳಿಗೆ ಇದು ಆಟಕ್ಕೆ ಮುಂಚೆ ಮಾಡುವ ಮಾಮೂಲಿ ಉಪಚಾರ, ಸೋರಿಕೆಯ ರಿಪೇರಿ ಅಲ್ಲ. ಎಲೆಕ್ಟ್ರಾನಿಕ್ ಮಾರ್ಕರ್‌ಗೆ ಇದನ್ನೇ ಮಾಡಿದರೆ ಒಳಗಿನ ಸೊಲೆನಾಯ್ಡ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ಪುಟ್ಟ ವಾಲ್ವ್) ಕೆಡುತ್ತದೆ. 'ಗಾಳಿ ಹೋಗುವ ಬಾಯಿ' ಎಂದರೆ ಟ್ಯಾಂಕ್ ತುಂಬಿಸುವ ಬಾಯಿ ಎಂದು ಯಾರಾದರೂ ತಿಳಿದುಕೊಂಡರೆ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಈ ಪತ್ರ. ತುಸು ಉದ್ದವಾಗಿದೆ, ಸಹಿಸಿಕೊಳ್ಳಬೇಕು.

ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಗುಂಡು ಹೊಡೆಯುವ ಸಲಕರಣೆಯನ್ನು ಗನ್ ಎನ್ನದೆ ಮಾರ್ಕರ್ ಎನ್ನುವುದಕ್ಕೆ ಕಾರಣವಿದೆ. ಮೊದಲ ಆಟದಲ್ಲಿ ಬಳಕೆಯಾದ ನೆಲ್‌ಸ್ಪಾಟ್ 007 ಮರಗಳಿಗೂ ದನಗಳಿಗೂ ದೂರದಿಂದ ಬಣ್ಣದ ಗುರುತು ಹಾಕುವ ಸಲಕರಣೆಯಾಗಿತ್ತು. 1981ರ ಜೂನ್ 27ರಂದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ 12 ಮಂದಿ ಅದನ್ನು ಹಿಡಿದು ಕಾಡಿಗಿಳಿದರು. ಆಗ ಇದ್ದದ್ದು 12 ಗ್ರಾಂನ ಪುಟ್ಟ ಕಾರ್ಬನ್ ಡೈಆಕ್ಸೈಡ್ ಕಾರ್ಟ್ರಿಜ್. ಈಗಿನ ಟ್ಯಾಂಕುಗಳಲ್ಲಿ 3,000 ಅಥವಾ 4,500 ಪಿಎಸ್‌ಐ ಒತ್ತಡದಲ್ಲಿ ಗಾಳಿ ತುಂಬಿರುತ್ತದೆ. ಕಾರಿನ ಟೈರಿನಲ್ಲಿ ಇರುವುದು 30-35 ಪಿಎಸ್‌ಐ ಎಂದರೆ ಅಂತರ ಅರ್ಥವಾದೀತು. ಟ್ಯಾಂಕಿನ ತಲೆಯಲ್ಲಿರುವ ರೆಗ್ಯುಲೇಟರ್ ಅದನ್ನು 450ಕ್ಕೋ 800-850ಕ್ಕೋ ಇಳಿಸಿ ಮಾರ್ಕರ್‌ಗೆ ಕೊಡುತ್ತದೆ. ಎಲೆಕ್ಟ್ರಾನಿಕ್ ಮಾರ್ಕರ್ ಆದರೆ ತನ್ನದೇ ರೆಗ್ಯುಲೇಟರ್‌ನಿಂದ ಅದನ್ನು ಇನ್ನೂ ಇಳಿಸಿಕೊಳ್ಳುತ್ತದೆ, ಹಲವು ಮಾದರಿಗಳಲ್ಲಿ 200ರ ಒಳಕ್ಕೆ. ಈ ದಾರಿಯುದ್ದಕ್ಕೂ ಒಂದೊಂದು ಕೂಡಿಕೆಯಲ್ಲೂ ಗಾಳಿಯನ್ನು ತಡೆದು ನಿಲ್ಲಿಸುವುದು ಉಂಗುರದಂಥ ರಬ್ಬರ್ ಸೀಲ್, ಅಂದರೆ ಓ-ರಿಂಗ್.

ಓ-ರಿಂಗ್ ಹೇಗೆ ತಡೆಯುತ್ತದೆ ಎಂದು ತಿಳಿದರೆ ಎಣ್ಣೆಯ ಪಾಲು ಎಷ್ಟೆಂದು ತಾನೇ ತಿಳಿಯುತ್ತದೆ. ರಿಂಗ್ ಕೂರುವ ತೋಡಿನ, ಅಂದರೆ ಗ್ರೂವ್‌ನ ಆಳ ರಿಂಗಿನ ದಪ್ಪಕ್ಕಿಂತ ಸ್ವಲ್ಪ ಕಡಿಮೆ. ಹಾಗಾಗಿ ಎದುರಿನ ಲೋಹ ಅದನ್ನು ಸದಾ ಅದುಮಿ ಹಿಡಿದಿರುತ್ತದೆ. ಅಲ್ಲಾಡದ ಕೂಡಿಕೆಯಲ್ಲಿ ಈ ಅದುಮು ದಪ್ಪದ ಶೇ 20ರಿಂದ 30ರಷ್ಟು, ಗುಂಡನ್ನು ಬ್ಯಾರೆಲ್‌ಗೆ ತಳ್ಳಲು ಹಿಂದೆ ಮುಂದೆ ಓಡುವ ಬೋಲ್ಟಿನ ಮೇಲೆ ಶೇ 10ರಿಂದ 20ರಷ್ಟು. ಗಾಳಿ ಬಂದೊಡನೆ ರಿಂಗ್ ಗ್ರೂವ್‌ನ ಒಂದು ಗೋಡೆಗೆ ಸರಿದು ಅಲ್ಲಿ ಕಚ್ಚಿಕೊಳ್ಳುತ್ತದೆ. ಒತ್ತಡ ಏರಿದಷ್ಟೂ ಹಿಡಿತ ಬಿಗಿ. ತಡೆಯುವುದು ರಬ್ಬರಿನ ಪುಟಿತ. ಗ್ರೀಸ್ ಮಾಡುವುದು ಇಷ್ಟೇ: ರಿಂಗ್ ತಿರುಚಿಕೊಳ್ಳದೆ ಸರಿಯಲು ಬಿಡುತ್ತದೆ, ಓಡುವಾಗ ಸವೆಯದಂತೆ ಕಾಯುತ್ತದೆ. ಕತ್ತರಿಸಿಹೋದ, ಒಂದು ಮೈ ಚಪ್ಪಟೆಯಾದ ರಿಂಗಿಗೆ ಎಣ್ಣೆ ಸುರಿದರೆ ಆ ಸೀಳನ್ನು ಎಣ್ಣೆಯ ಪೊರೆ ಸ್ವಲ್ಪ ಹೊತ್ತು ಮುಚ್ಚುತ್ತದೆ, ಇಪ್ಪತ್ತು ಹೊಡೆತದ ನಂತರ ಮತ್ತೆ ಸುಂಯ್ ಎನ್ನುತ್ತದೆ. ಒಣಗಿದ್ದರಿಂದಲೇ ಸೋರುತ್ತಿದ್ದ ರಿಂಗ್ ಮಾತ್ರ ಗ್ರೀಸಿನಿಂದ ನಿಜವಾಗಿ ಸರಿಹೋಗುತ್ತದೆ. ಎಣ್ಣೆಯ ಸಲಹೆ ಇಷ್ಟು ಕಾಲ ಉಳಿದುಕೊಂಡಿರುವುದು ಅಂಥವು ಆಗಾಗ ಸಿಗುವುದರಿಂದ ಇರಬೇಕು.

ಹಾಗಾದರೆ ಮೊದಲ ಕೆಲಸ ಸೋರುವ ಜಾಗ ಹುಡುಕುವುದು. ಮಾರ್ಕರ್‌ನಲ್ಲಿ ಗುಂಡು ಇರಬಾರದು, ಗುಂಡು ತುಂಬುವ ಡಬ್ಬಿ, ಅಂದರೆ ಹಾಪರ್ ತೆಗೆದಿರಬೇಕು, ಬ್ಯಾರೆಲ್ ಬಾಯಿಗೆ ಕವರ್ ಹಾಕಿರಬೇಕು, ಕಣ್ಣಿಗೆ ಆಟದ ಮಾಸ್ಕ್ ಇರಬೇಕು. ರಿಪೇರಿ ಮೇಜಿನ ಮುಂದೆ ಮಾಸ್ಕ್ ಹಾಕಲು ಮುಜುಗರ ಎನ್ನುವವರು ಚಿಮ್ಮಿಹೋಗುವ ಸ್ಪ್ರಿಂಗನ್ನು ಇನ್ನೂ ನೋಡಿಲ್ಲ. ಗಾಳಿ ಕೊಟ್ಟು ಸದ್ದು ಎಲ್ಲಿಂದ ಎಂದು ಆಲಿಸಿ. ಕಿವಿಗೆ ತಿಳಿಯದಿದ್ದರೆ ಒದ್ದೆ ಮಾಡಿದ ಬೆರಳನ್ನು ಕೂಡಿಕೆಗಳ ಹತ್ತಿರ ಹಿಡಿದುಕೊಂಡು ಹೋಗಿ, ತಣ್ಣಗೆ ತಾಗಿದ ಕಡೆ ಸೋರಿಕೆ. ಅದಕ್ಕೂ ಸಿಗದ ಸಣ್ಣ ಸೋರಿಕೆಗೆ ಒಂದು ಪಾಲು ಪಾತ್ರೆ ತೊಳೆಯುವ ಸೋಪು, ಹತ್ತು ಪಾಲು ನೀರು ಕಲಸಿ ಸಣ್ಣ ಬ್ರಷ್‌ನಿಂದ ಸವರಿ. ಗುಳ್ಳೆ ಏಳುವ ಜಾಗವೇ ಅದು. ಹ್ಯಾಂಡಲ್ ಒಳಗೆ ಸರ್ಕ್ಯೂಟ್ ಬೋರ್ಡೂ ಬ್ಯಾಟರಿಯೂ ಇರುವ ಮಾರ್ಕರ್‌ಗೆ ಈ ಸೋಪುನೀರು ಹೊರಗಿನ ಕೂಡಿಕೆಗಳಿಗೆ ಮಾತ್ರ. ಒಳಗಿನದಕ್ಕೆ ಟಿಶ್ಯೂ ಕಾಗದದ ತುಂಡೊಂದನ್ನು ಹಿಡಿದು ಅದು ನಡುಗುತ್ತದೆಯೇ ನೋಡುವುದು ಕ್ಷೇಮ.

ಅದಕ್ಕೂ ಮುಂಚೆ, ಸೋರಿಕೆಯೇ ಅಲ್ಲದ್ದನ್ನು ಸೋರಿಕೆ ಎಂದು ಬಿಚ್ಚಬೇಡಿ. ಸ್ಪೈಡರ್, ಟಿಪ್‌ಮನ್ 98ರಂಥ ಮೆಕ್ಯಾನಿಕಲ್ ಮಾರ್ಕರ್‌ಗಳನ್ನು ಕಾಕ್ ಮಾಡದೆ, ಅಂದರೆ ಒಳಗಿನ ಹ್ಯಾಮರನ್ನು ಹಿಂದಕ್ಕೆ ಎಳೆದು ಕಚ್ಚಿಸದೆ, ಗಾಳಿ ಕೊಟ್ಟರೆ ಬ್ಯಾರೆಲ್‌ನಿಂದ ಭರ್ರೆಂದು ಗಾಳಿ ಹೋಗುತ್ತದೆ. ಮುಂದೆ ಬಂದು ಕೂತ ಹ್ಯಾಮರ್ ವಾಲ್ವಿನ ಪಿನ್ನನ್ನು ತಳ್ಳಿ ತೆರೆದೇ ಇಟ್ಟಿರುತ್ತದೆ, ಅಷ್ಟೇ. ಮೊದಲು ಕಾಕ್ ಮಾಡಿ, ಸೇಫ್ಟಿ ಹಾಕಿ, ಆಮೇಲೆ ಗಾಳಿ ಕೊಡಬೇಕು. ಹೊಸದಾಗಿ ಈ ಆಟಕ್ಕೆ ಬಂದವರ 'ಭಾರೀ ಸೋರಿಕೆ' ಎಷ್ಟೋ ಸಲ ಇದೇ. ಇನ್ನೊಂದು, ಟ್ಯಾಂಕನ್ನು ಗಡಿಬಿಡಿಯಲ್ಲಿ ತುಂಬಿಸಿದರೆ ಒಳಗಿನ ಗಾಳಿ ಬಿಸಿಯಾಗುತ್ತದೆ. ಆರಿದ ಮೇಲೆ ಗೇಜಿನ ಮುಳ್ಳು ನೂರಾರು ಪಿಎಸ್‌ಐ ಕೆಳಗಿಳಿದಿರುತ್ತದೆ. ಇಳಿದು ಒಂದು ಕಡೆ ನಿಂತರೆ ಸೋರಿಕೆಯಲ್ಲ, ಇಳಿಯುತ್ತಲೇ ಇದ್ದರೆ ಸೋರಿಕೆ.

ಇನ್ನು ಜಾಗದ ಲೆಕ್ಕ. ಟ್ಯಾಂಕ್ ಮಾರ್ಕರ್‌ಗೆ ಕೂಡುವ ಕಡೆ ಸುಂಯ್‌ಗುಟ್ಟಿದರೆ ಹತ್ತರಲ್ಲಿ ಒಂಬತ್ತು ಸಲ ಟ್ಯಾಂಕಿನ ಮೂತಿಯ ಓ-ರಿಂಗೇ. ಅದರ ಅಳತೆ ಜಗತ್ತಿನಲ್ಲೆಲ್ಲ ಒಂದೇ, 015 ನಂಬರ್: ಒಳ ಅಡ್ಡಳತೆ 14 ಮಿಲಿಮೀಟರ್, ದಪ್ಪ 1.78 ಮಿಲಿಮೀಟರ್. ಆದರೆ ಅಳತೆ ಸರಿಯಿದ್ದರೆ ಸಾಲದು, ಗಡಸುತನವೂ ನೋಡಬೇಕು. ಸಾಮಾನ್ಯ ಕಪ್ಪು ನೈಟ್ರೈಲ್ ರಬ್ಬರಿನ ರಿಂಗುಗಳು ಗಡಸುತನದ ಶೋರ್-ಎ ಅಳತೆಯಲ್ಲಿ 70, ಅಂದರೆ ಮೆತ್ತಗಿನವು. ಇಲ್ಲಿಗೆ ಬೇಕಾದ್ದು 90ರ ಪಾಲಿಯುರೆಥೇನ್. ಮೆತ್ತಗಿನದು ಈ ಒತ್ತಡಕ್ಕೆ ಸಂದಿಯೊಳಗೆ ಹಿಂಡಿಕೊಂಡು ಹೋಗಿ ಅಂಚು ಕತ್ತರಿಸಿಕೊಳ್ಳುತ್ತದೆ. ಕಾರ್ಬನ್ ಡೈಆಕ್ಸೈಡ್ ಬಳಸುವವರಿಗೆ ಇನ್ನೂ ಒಂದು ತೊಂದರೆ. ಆ ಅನಿಲ ನೈಟ್ರೈಲಿನ ಒಳಕ್ಕೇ ಇಂಗುತ್ತದೆ. ಟ್ಯಾಂಕ್ ಬಿಚ್ಚಿ ಒತ್ತಡ ಇಳಿದ ಕ್ಷಣ ಒಳಗಿನ ಅನಿಲ ಹಿಗ್ಗಿ, ರಿಂಗ್ ಉಬ್ಬಿ ಮೈತುಂಬ ಬೊಕ್ಕೆ ಎದ್ದಂತಾಗುತ್ತದೆ. ಅಂಥದು ಗ್ರೂವ್‌ಗೆ ಮತ್ತೆ ಕೂರುವುದಿಲ್ಲ.

ಹೊಸ ರಿಂಗ್ ಹಾಕಿದ ವಾರದೊಳಗೆ ಮತ್ತೆ ಕಿತ್ತುಬರುತ್ತಿದ್ದರೆ ತಪ್ಪು ರಿಂಗಿನದಲ್ಲ, ಬಿಚ್ಚುವ ಕ್ರಮದ್ದು. ಟ್ಯಾಂಕನ್ನು ತಿರುಗಿಸಿ ಹೊರತೆಗೆಯುವಾಗ ಅದರ ಮೂತಿಯ ಪಿನ್ ಮೊದಲು ಮುಚ್ಚಿಕೊಳ್ಳುತ್ತದೆ, ಮಾರ್ಕರ್ ಒಳಗೆ ಮಾತ್ರ ಗಾಳಿ ಹಾಗೇ ಸಿಕ್ಕಿಕೊಂಡಿರುತ್ತದೆ. ಆ ಒತ್ತಡ ಇರುವಾಗಲೇ ಇನ್ನಷ್ಟು ತಿರುಗಿಸಿದರೆ ರಿಂಗ್ ತನ್ನ ಜಾಗದಿಂದ ಚಿಮ್ಮಿ ಥ್ರೆಡ್ಡಿನ ನಡುವೆ ಸಿಕ್ಕಿ ಹರಿಯುತ್ತದೆ. ಮುಕ್ಕಾಲು ಸುತ್ತು ತಿರುಗಿಸಿ, ನಿಲ್ಲಿಸಿ, ಮಾರ್ಕರನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಖಾಲಿ ಹೊಡೆಯಿರಿ. ಹೊಡೆತದ ಸದ್ದು ಸತ್ತಿತೆಂದರೆ ಪಿನ್ ಮುಚ್ಚಿದೆ, ಒಳಗಿನ ಗಾಳಿಯೂ ಖಾಲಿ. ಸದ್ದು ಬರುತ್ತಲೇ ಇದ್ದರೆ ಇನ್ನು ಕಾಲು ಸುತ್ತು. ಆನ್-ಆಫ್ ನಾಬ್ ಇರುವ ಮಾರ್ಕರ್ ಆದರೆ ಈ ಸರ್ಕಸ್ ಬೇಡ, ನಾಬ್ ತಿರುಗಿಸಿದರೆ ಒಳಗಿನ ಗಾಳಿ ತಾನೇ ಹೋಗುತ್ತದೆ.

ಬಿಚ್ಚುವ ಮಾತು ಬಂತು, ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಟ್ಯಾಂಕ್ ತಿರುಗಿಸುವಾಗ ವಾಲ್ವ್ ಮಾರ್ಕರ್‌ನಲ್ಲೇ ಉಳಿದು ಸಿಲಿಂಡರ್ ಮಾತ್ರ ವಾಲ್ವಿನಿಂದ ಬಿಚ್ಚಿಕೊಳ್ಳುವುದು ಸಾಧ್ಯ. ಅದು ಪೂರ್ತಿ ಬಿಚ್ಚಿಕೊಂಡರೆ ಸಿಲಿಂಡರ್ ರಾಕೆಟ್ ಆಗುತ್ತದೆ. ಇದರಿಂದ ಸಾವುಗಳೇ ಆಗಿವೆ. ವಾಲ್ವೂ ಸಿಲಿಂಡರ್ರೂ ಕೂಡುವ ಜಾಗದಲ್ಲಿ ಎರಡರ ಮೇಲೂ ಹಾಯುವಂತೆ ಉಗುರುಬಣ್ಣದ ಒಂದು ಗೆರೆ ಎಳೆದಿಡಿ. ತಿರುಗಿಸುವಾಗ ಆ ಗೆರೆ ಮುರಿದದ್ದು ಕಂಡರೆ ಅಲ್ಲಿಗೇ ನಿಲ್ಲಿಸಿ, ಬಲ್ಲವರ ಕೈಗೆ ಕೊಡಿ.

ಗಾಳಿ ಒಯ್ಯುವ ಹೋಸ್‌ನ ಕಡೆ ಸೋರಿಕೆ ಅಷ್ಟು ಕಷ್ಟದ್ದಲ್ಲ. ಕಾಲಿಂಚಿನ ನೈಲಾನ್ ಪೈಪ್ ತಳ್ಳಿ ಕೂರಿಸುವ ಫಿಟಿಂಗ್ ಆದರೆ ಪೈಪಿನ ತುದಿ ನೋಡಿ. ಓರೆಯಾಗಿ ಕತ್ತರಿಸಿದ್ದರೆ, ಉದ್ದಕ್ಕೆ ಗೀರು ಬಿದ್ದಿದ್ದರೆ ಒಳಗಿನ ರಿಂಗ್ ಅದರ ಮೇಲೆ ಸರಿಯಾಗಿ ಕೂರುವುದಿಲ್ಲ. ಹರಿತವಾದ ಬ್ಲೇಡಿನಿಂದ ತುದಿಯನ್ನು ನೇರಕ್ಕೆ ಕತ್ತರಿಸಿ, ತಡೆ ಸಿಗುವವರೆಗೆ ಒಳಗೆ ತಳ್ಳಿ, ಆಮೇಲೆ ಒಮ್ಮೆ ಹಿಂದಕ್ಕೆ ಎಳೆದು ನೋಡಿ. ಫಿಟಿಂಗಿನ ಥ್ರೆಡ್ಡಿನಿಂದಲೇ ಗಾಳಿ ಬರುತ್ತಿದ್ದರೆ, ಅದು ಎಂಟನೇ ಒಂದಿಂಚಿನ ಟೇಪರ್ (ತುದಿಗೆ ಕಿರಿದಾಗುವ) ಥ್ರೆಡ್ ಆಗಿದ್ದಲ್ಲಿ, ಬಿಚ್ಚಿ ಹಳೆಯ ಪುಡಿ ತೆಗೆದು ನೀಲಿ ಬಣ್ಣದ ಥ್ರೆಡ್‌ಲಾಕರ್ (ಥ್ರೆಡ್ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ ಬಿಗಿಮಾಡಿ. ಮೊದಲೆರಡು ಸುತ್ತು ಬಿಟ್ಟು ಹಾಕಿ, ಇಲ್ಲವಾದರೆ ಗಾಳಿಯ ದಾರಿಗೆ ಹರಿಯುತ್ತದೆ. ಒಂದು ರಾತ್ರಿ ಒಣಗಲು ಬಿಡಿ. ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪ್ ಗಾಳಿಯನ್ನೇನೋ ತಡೆಯುತ್ತದೆ, ಆದರೆ ಅದರ ಎಳೆ ಹರಿದು ಸೊಲೆನಾಯ್ಡಿನ ಸೂಜಿಯಷ್ಟು ತೂತಿನಲ್ಲಿ ಸಿಕ್ಕಿದರೆ ಸಣ್ಣ ರೋಗ ಹೋಗಿ ದೊಡ್ಡದು ಬಂದಂತೆ. ಪ್ಲಾಸ್ಟಿಕ್ ಮೈಯ ಮಾರ್ಕರ್‌ಗೆ ಥ್ರೆಡ್‌ಲಾಕರ್ ತಾಗದಂತೆ ನೋಡಿಕೊಳ್ಳಿ. ಕೆಲವು ಪ್ಲಾಸ್ಟಿಕ್ಕುಗಳು ಅದಕ್ಕೆ ಬಿರುಕು ಬಿಡುತ್ತವೆ.

ಬ್ಯಾರೆಲ್‌ನಿಂದ ಬರುವ ಸೋರಿಕೆಯಲ್ಲೇ ಹೆಚ್ಚು ಮಂದಿ ದಾರಿ ತಪ್ಪುವುದು, ಏಕೆಂದರೆ ಸದ್ದು ಬರುವ ಜಾಗ ಬೇರೆ, ಕೆಟ್ಟ ಜಾಗ ಬೇರೆ. ಮೆಕ್ಯಾನಿಕಲ್ ಮಾರ್ಕರ್‌ನಲ್ಲಿ ವಾಲ್ವ್ ಬಾಯಿಗೆ ಮುಚ್ಚಳದಂತೆ ಕೂರುವ ಕಪ್ ಸೀಲ್ ಇರುತ್ತದೆ, ಹಿಂದಿನಿಂದ ಸ್ಪ್ರಿಂಗ್ ಅದನ್ನು ಒತ್ತಿ ಹಿಡಿದಿರುತ್ತದೆ. ಮಾರ್ಕರ್ ಕಾಕ್ ಆಗಿದ್ದೂ ಬ್ಯಾರೆಲ್‌ನಿಂದ ಗಾಳಿ ಬರುತ್ತಿದ್ದರೆ ಅಪರಾಧಿ ಎರಡರಲ್ಲಿ ಒಂದು, ಕಪ್ ಸೀಲ್ ಅಥವಾ ವಾಲ್ವಿನ ಹೊರಮೈಯ ಓ-ರಿಂಗ್. ವಾಲ್ವ್ ಹೊರತೆಗೆದು ಕಪ್ ಸೀಲಿನ ಮುಖವನ್ನು ಬೆಳಕಿಗೆ ಹಿಡಿಯಿರಿ. ವಾಲ್ವ್ ಬಾಯಿ ಒತ್ತಿದ ಗುರುತು ಒಂದು ವೃತ್ತವಾಗಿ ಕಾಣುತ್ತದೆ. ಆ ಗೆರೆ ಎಲ್ಲ ಕಡೆ ಒಂದೇ ಅಗಲ, ಒಂದೇ ಹೊಳಪು ಇದ್ದರೆ ಸೀಲ್ ಚೆನ್ನಾಗಿದೆ. ಎಲ್ಲಾದರೂ ಗೆರೆ ತುಂಡಾಗಿದ್ದರೆ, ಅಡ್ಡಕ್ಕೆ ಕೂದಲೆಳೆಯಷ್ಟು ಗೀರಿದ್ದರೆ, ಮರಳಿನ ಕಣ ಕಚ್ಚಿಕೊಂಡಿದ್ದರೆ ಗಾಳಿ ಹೋಗುವ ದಾರಿ ಅದೇ. ಕಣ ಇದ್ದರೆ ಒರೆಸಿ ಮತ್ತೆ ಹಾಕಿ ನೋಡಬಹುದು. ಗೀರಾದರೆ ಸೀಲ್ ಬದಲಿಸಬೇಕು. ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಸಮ ಮಾಡುತ್ತೇನೆ ಎನ್ನುವವರ ಕೈಯಲ್ಲಿ ಅದು ಇನ್ನಷ್ಟು ಓರೆಯಾಗುವುದೇ ಹೆಚ್ಚು. ಸೀಲ್ ಬದಲಿಸಿದರೂ ಸೋರಿದರೆ ವಾಲ್ವ್ ಬಾಯಿಯ ಲೋಹದ ಅಂಚಿಗೆ ಪೆಟ್ಟಾಗಿದೆಯೇ ನೋಡಿ. ಆ ಅಂಚಿನ ಮೇಲೆ ಸ್ಕ್ರೂಡ್ರೈವರ್ ಆಡಿಸಿದವರು ಹೊಸ ವಾಲ್ವ್ ತರಬೇಕಾಗುತ್ತದೆ. ಕಪ್ ಸೀಲಿನ ಮುಖಕ್ಕೆ ಗ್ರೀಸ್ ಹಚ್ಚುವುದು ಬೇಡ, ಅಲ್ಲಿ ಗ್ರೀಸ್ ಕಸವನ್ನು ಹಿಡಿದಿಡುವ ಅಂಟಷ್ಟೇ.

ಸ್ಪೂಲ್ ಬೋಲ್ಟ್ ಇರುವ ಎಲೆಕ್ಟ್ರಾನಿಕ್ ಮಾರ್ಕರ್‌ಗಳಲ್ಲಿ ಕಪ್ ಸೀಲ್ ಇಲ್ಲ. ಬೋಲ್ಟ್ ತಾನೇ ಜಾರಿ ಗಾಳಿಯ ದಾರಿ ತೆರೆಯುತ್ತದೆ, ಮುಚ್ಚುತ್ತದೆ. ಇಲ್ಲಿ ಬ್ಯಾರೆಲ್ ಸೋರಿಕೆ ಎಂದರೆ ಬೋಲ್ಟಿನ ಯಾವುದೋ ಓ-ರಿಂಗ್ ಸವೆದಿದೆ. ಯಾವುದೆಂದು ತಿಳಿಯಲು ಒಂದೊಂದನ್ನೇ ಬದಲಿಸಿ ಗಾಳಿ ಕೊಟ್ಟು ನೋಡುವುದು ಒಳ್ಳೆಯದು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ರೋಗ ವಾಸಿಯಾಗಬಹುದು, ಕಾರಣ ಮಾತ್ರ ತಿಳಿಯುವುದಿಲ್ಲ, ಮುಂದಿನ ಸಲ ಮತ್ತೆ ಕತ್ತಲಲ್ಲಿ ತಡಕಾಟ. ತೆಗೆದ ರಿಂಗನ್ನು ಎರಡು ಬೆರಳ ನಡುವೆ ಮೆಲ್ಲಗೆ ಉರುಳಿಸಿ. ಚೆನ್ನಾಗಿದ್ದರೆ ಎಲ್ಲ ಕಡೆ ದುಂಡಗೆ ಉರುಳುತ್ತದೆ. ಸವೆದಿದ್ದರೆ ಒಂದು ಮಗ್ಗುಲಲ್ಲಿ ತಟ್ಟನೆ ನಿಲ್ಲುತ್ತದೆ, ಆ ಮಗ್ಗುಲು ಚಪ್ಪಟೆ. ಸ್ವಲ್ಪ ಹಿಗ್ಗಿಸಿ ಬೆಳಕಿಗೆ ಹಿಡಿದರೆ ಕಣ್ಣಿಗೆ ಬೀಳದ ಸೀಳುಗಳೂ ಬಾಯಿ ತೆರೆಯುತ್ತವೆ. ಬದಲಿ ರಿಂಗ್ ತರುವಾಗ 'ಸ್ವಲ್ಪ ದಪ್ಪನೆಯದು ಇರಲಿ, ಬಿಗಿ ಕೂರುತ್ತದೆ' ಎಂದು ತರಬೇಡಿ. ಬಿಗಿ ಕೂತ ರಿಂಗ್ ಬೋಲ್ಟನ್ನು ತಡೆಯುತ್ತದೆ. ಮಾರ್ಕರಿನ ಕೈಪಿಡಿಯಲ್ಲಿ ಪ್ರತಿ ರಿಂಗಿನ ನಂಬರೂ ಗಡಸುತನವೂ ಇರುತ್ತದೆ, ಅದನ್ನೇ ತನ್ನಿ.

ಹ್ಯಾಂಡಲ್ ಒಳಗಿಂದ ಸುಂಯ್ ಎಂದರೆ ಎಲ್ಲರ ಬೆರಳೂ ಸೊಲೆನಾಯ್ಡ್ ಕಡೆ ಹೋಗುತ್ತದೆ. ಅದನ್ನು ಬಿಚ್ಚುವ ಮುನ್ನ ಒತ್ತಡ ನೋಡಿ. ಮಾರ್ಕರಿನ ರೆಗ್ಯುಲೇಟರ್ ಒಳಗೆ ಗಾಳಿಯನ್ನು ಮುಚ್ಚುವ ಸಣ್ಣ ಸೀಟ್ ಇದೆ. ಅದಕ್ಕೆ ಕಸ ಕೂತರೆ, ಕಚ್ಚು ಬಿದ್ದರೆ ಪೂರ್ತಿ ಮುಚ್ಚದೆ ಒತ್ತಡ ಮೆಲ್ಲಮೆಲ್ಲಗೆ ಏರುತ್ತಾ ಹೋಗುತ್ತದೆ. ಪತ್ತೆ ಸುಲಭ: ನಾಲ್ಕು ಸಲ ಹೊಡೆದು, ಐದು ನಿಮಿಷ ಸುಮ್ಮನೆ ಬಿಟ್ಟು ಗೇಜ್ ನೋಡಿ. ಮುಳ್ಳು ಏರುತ್ತಲೇ ಇದ್ದರೆ ಸೀಟ್ ಹೋಗಿದೆ. ಗೇಜ್ ಇಲ್ಲದಿದ್ದರೆ ವೇಗ ಅಳೆಯುವ ಕ್ರೋನೋಗ್ರಾಫ್ ಮುಂದೆ ಹೊಡೆಯಿರಿ, ಬಿಡುವಿನ ನಂತರದ ಮೊದಲ ಹೊಡೆತ ಮಿಕ್ಕವಕ್ಕಿಂತ ಎದ್ದು ಕಾಣುವಷ್ಟು ಜೋರಾಗಿರುತ್ತದೆ. ಸೊಲೆನಾಯ್ಡ್ ತಾಳುವ ಒತ್ತಡ ಕಡಿಮೆ. ಹೆಚ್ಚಿನದು ಬಂದರೆ ಅದು ಸೋರಲೇಬೇಕು. ಅದನ್ನು ಬದಲಿಸಿದರೆ ಹೊಸದೂ ಸೋರುತ್ತದೆ. ಒತ್ತಡ ಸರಿಯಿದ್ದೂ ಸೋರಿದರೆ ಆಗ ಸೊಲೆನಾಯ್ಡಿನ ಕೆಳಗಿನ ಗ್ಯಾಸ್ಕೆಟ್ ಸರಿದಿದೆಯೇ ನೋಡಿ. ಅದರ ಎರಡು ಪುಟ್ಟ ಸ್ಕ್ರೂಗಳನ್ನು ಒಂದರ ನಂತರ ಒಂದು, ಅರ್ಧರ್ಧ ಸುತ್ತು ಬಿಗಿಮಾಡಿ. ಒಂದನ್ನೇ ಪೂರ್ತಿ ಬಿಗಿದರೆ ಗ್ಯಾಸ್ಕೆಟ್ ಓರೆಯಾಗುತ್ತದೆ, ಜೋರು ಮಾಡಿದರೆ ಥ್ರೆಡ್ ಕಿತ್ತುಬರುತ್ತದೆ. ಸೊಲೆನಾಯ್ಡ್ ಒಳಕ್ಕೆ ಎಣ್ಣೆ, ಗ್ರೀಸ್ ಏನೂ ಬೇಡ.

ರೆಗ್ಯುಲೇಟರ್ ಮೈಯ ಸಣ್ಣ ತೂತಿನಿಂದ ಗಾಳಿ ಬರುತ್ತಿದ್ದರೆ ಒಳಗಿನ ಪಿಸ್ಟನ್ನಿನ ಓ-ರಿಂಗ್ ಹೋಗಿದೆ ಎಂದೇ ಅರ್ಥ. ಗಾಳಿ ಒಳಗೆ ಸಿಕ್ಕಿಕೊಳ್ಳದಿರಲಿ ಎಂದೇ ಆ ತೂತು ಇಟ್ಟಿರುವುದು. ಅದಕ್ಕೆ ಅಂಟು ಮೆತ್ತುವವರೂ ಇದ್ದಾರೆ! ಪಿಸ್ಟನ್ ತೆಗೆಯುವಾಗ ಕೆಲವು ಮಾದರಿಗಳಲ್ಲಿ ತಟ್ಟೆಯಂಥ ವಾಷರ್‌ಗಳ ಸಾಲು ಸಿಗುತ್ತದೆ. ಒಂದು ಬೋರಲು, ಒಂದು ಅಂಗಾತ ಹೀಗೆ ಜೋಡಿಸಿರುತ್ತಾರೆ. ಬಿಚ್ಚುವ ಮೊದಲು ಫೋಟೊ ತೆಗೆದುಕೊಳ್ಳಿ. ಒಂದು ವಾಷರ್ ತಿರುವುಮುರುವಾದರೂ ಒತ್ತಡದ ಲೆಕ್ಕ ಕೆಡುತ್ತದೆ.

ಈಗ ಗ್ರೀಸ್. ಮೆಕ್ಯಾನಿಕಲ್ ಮಾರ್ಕರ್‌ಗಳಲ್ಲಿ ಗಾಳಿಯೇ ಎಣ್ಣೆಯನ್ನು ಒಳಗೆಲ್ಲ ಹೊತ್ತೊಯ್ಯುತ್ತದೆ, ಅದಕ್ಕೇ ಅವಕ್ಕೆ ಹನಿ ಎಣ್ಣೆ. ಟ್ಯಾಂಕ್ ಕೂಡುವ ಅಡಾಪ್ಟರ್‌ಗೆ ಮೂರು ನಾಲ್ಕು ಹನಿ ಪೇಂಟ್‌ಬಾಲ್ ಎಣ್ಣೆ ಬಿಟ್ಟು, ಟ್ಯಾಂಕ್ ಹಾಕಿ, ಹತ್ತಿಪ್ಪತ್ತು ಸಲ ಖಾಲಿ ಹೊಡೆದರೆ ಸಾಕು. ಎಣ್ಣೆ ಬೀಳಬೇಕಾದ್ದು ಮಾರ್ಕರಿನ ಅಡಾಪ್ಟರ್‌ಗೆ, ಟ್ಯಾಂಕಿಗಲ್ಲ. ಇದರ ಜೊತೆ ಹ್ಯಾಮರ್ ಮೇಲಿನ ಓ-ರಿಂಗಿಗೆ ಒಂದು ಹನಿ. ಅದು ಒಣಗಿದರೆ, ಸವೆದರೆ ಹ್ಯಾಮರ್ ಪೂರ್ತಿ ಹಿಂದೆ ಹೋಗಿ ಕಚ್ಚಿಕೊಳ್ಳುವುದಿಲ್ಲ, ಒಂದು ಸಲ ಒತ್ತಿದ್ದಕ್ಕೆ ಮಾರ್ಕರ್ ಪಟಪಟನೆ ತಾನೇ ಹೊಡೆಯುತ್ತಾ ಹೋಗುತ್ತದೆ. ಟ್ಯಾಂಕ್ ಖಾಲಿಯಾಗುತ್ತ ಬಂದಾಗಲೂ ಹೀಗೇ ಆಗುತ್ತದೆ, ಮೊದಲು ಅದನ್ನು ನೋಡಿ.

ಸ್ಪೂಲ್ ಮಾರ್ಕರ್‌ಗೆ ಕೈಯಿಂದಲೇ ಗ್ರೀಸ್. ಮಾಲಿಕೋಟ್ 33, ಮಾಲಿಕೋಟ್ 55ರಂಥ ಸಿಲಿಕೋನ್ ಆಧಾರದ ಗ್ರೀಸ್ ಇಲ್ಲವೇ ಮಾರ್ಕರ್ ತಯಾರಕರೇ ಹೇಳಿದ ಗ್ರೀಸ್ ಬಳಸಿ. 55 ರಬ್ಬರನ್ನು ಅಳತೆಯಿಟ್ಟು ತುಸು ಉಬ್ಬಿಸುವ ಗುಣದ್ದು, ಆದ್ದರಿಂದ ಮೊದಲೇ ಬಿಗಿಯಿರುವ ಬೋಲ್ಟಿಗೆ ಅದು ಬೇಡ. ಡಬ್ಲ್ಯುಡಿ-40ರಂಥ ಸ್ಪ್ರೇ ತುಕ್ಕು ಹಿಡಿದ ಬೀಗಕ್ಕೆ ಒಳ್ಳೆಯದು, ಇಲ್ಲಿ ಅದು ಇದ್ದ ಗ್ರೀಸನ್ನೂ ತೊಳೆದು ಹಾಕಿ ತಾನೂ ಹಾರಿಹೋಗುತ್ತದೆ. ಥಿನ್ನರ್, ಅಸಿಟೋನ್, ಬ್ರೇಕ್ ಕ್ಲೀನರ್‌ಗಳನ್ನು ರಬ್ಬರಿನ ಹತ್ತಿರವೂ ತರಬಾರದು.

ಹಚ್ಚುವ ಮುಂಚೆ ಹಳೆಯದನ್ನು ಪೂರ್ತಿ ತೆಗೆಯಬೇಕು. ಬಣ್ಣದ ಗುಂಡು ಒಳಗೆ ಒಡೆದಿದ್ದರೆ ಆ ಬಣ್ಣ ಗ್ರೀಸಿನೊಂದಿಗೆ ಸೇರಿ ಗೋಂದಿನಂತಾಗಿರುತ್ತದೆ. ಎಳೆ ಬಿಡದ ಬಟ್ಟೆಯಲ್ಲಿ ಬೋಲ್ಟ್ ಒರೆಸಿ, ಗ್ರೂವ್‌ನ ಮೂಲೆಗೆ ಮರದ ಹಲ್ಲುಕಡ್ಡಿ ಆಡಿಸಿ. ಕಬ್ಬಿಣದ ಸೂಜಿ ಬೇಡ, ಗ್ರೂವ್‌ಗೆ ಒಂದು ಗೀರು ಬಿದ್ದರೆ ಆ ಗೀರೇ ಖಾಯಂ ಸೋರಿಕೆ. ಕಿವಿಗೆ ಹಾಕುವ ಹತ್ತಿಕಡ್ಡಿಯ ಎಳೆ ಒಂದೇ ಒಂದು ರಿಂಗಿನ ಕೆಳಗೆ ಉಳಿದರೂ ಗಾಳಿಗೆ ಅದು ಸೇತುವೆ. ಆಮೇಲೆ ಸಾಸಿವೆ ಕಾಳಿನಷ್ಟು ಗ್ರೀಸನ್ನು ಬೆರಳ ತುದಿಯಲ್ಲಿ ತೆಗೆದುಕೊಂಡು ರಿಂಗನ್ನು ಅದರಲ್ಲಿ ಉರುಳಿಸಿ. ಮೈಯೆಲ್ಲ ಒದ್ದೆಯಾದಂತೆ ಹೊಳೆಯಬೇಕು, ಬಿಳಿ ಮುದ್ದೆ ಎಲ್ಲೂ ಕಾಣಬಾರದು. ಬೋಲ್ಟ್ ಓಡುವ ಕೊಳವೆಯ ಒಳಮೈಗೂ ಅಂಥದೇ ತೆಳು ಪೊರೆ. ರಿಂಗನ್ನು ಗ್ರೂವ್‌ಗೆ ಹಾಕುವಾಗ ತಿರುಚದೆ ಹಾಕಿ. ಬೋಲ್ಟ್ ಒಳಗೆ ತಳ್ಳುವಾಗ ತೂತುಗಳ ಅಂಚು ದಾಟುವ ಕಡೆ ನಿಧಾನ, ಆ ಹರಿತ ಅಂಚು ಹೊಸ ರಿಂಗನ್ನೂ ಸೀಳಬಲ್ಲದು. ಕೂರಿಸಿದ ಮೇಲೆ ಕೈಯಲ್ಲಿ ಹಿಂದೆ ಮುಂದೆ ಆಡಿಸಿದರೆ ಬೋಲ್ಟ್ ಬೆಣ್ಣೆಯಂತೆ ಜಾರಬೇಕು, ಎಲ್ಲೂ ಜಗ್ಗಬಾರದು.

ಗ್ರೀಸ್ ಹೆಚ್ಚಾದರೂ ತೊಂದರೆ. ಹೆಚ್ಚಿನದು ಮುಂದೆ ತಳ್ಳಿಕೊಂಡು ಹೋಗಿ ಗುಂಡು ಕೂರುವ ಜಾಗದ ಸೆನ್ಸರ್ ಕಣ್ಣುಗಳ ಮೇಲೆ ಕೂರುತ್ತದೆ. ಮಾರ್ಕರ್‌ಗೆ ಗುಂಡು ಬಂದದ್ದೂ ಬಾರದ್ದೂ ತಿಳಿಯದೆ ಹೊಡೆಯುವುದನ್ನೇ ನಿಲ್ಲಿಸುತ್ತದೆ. ಬ್ಯಾರೆಲ್ ಸೇರಿದರೆ ಗುಂಡುಗಳು ದಿಕ್ಕುಗೆಡುತ್ತವೆ. ಚಳಿಯಲ್ಲಿ ಗಟ್ಟಿಯಾದ ಗ್ರೀಸ್ ಬೋಲ್ಟನ್ನು ಹಿಡಿದಿಡುತ್ತದೆ. ಐದು ನಿಮಿಷ ಸುಮ್ಮನಿದ್ದ ಮೇಲೆ ಹೊಡೆದ ಮೊದಲ ಗುಂಡು ಮೆತ್ತಗೆ ಹೋಗಿ ಎರಡನೆಯದು ಸರಿಯಾಗಿ ಹೋದರೆ ಒಂದೋ ರಿಂಗ್ ಒಣಗಿದೆ, ಇಲ್ಲವೇ ಗ್ರೀಸ್ ದಪ್ಪವಾಗಿದೆ. ಮೇಲೆ ಹೇಳಿದ ಸೀಟಿನ ತೊಂದರೆಯ ಉಲ್ಟಾ ಲಕ್ಷಣ ಇದು.

ಕಾರ್ಬನ್ ಡೈಆಕ್ಸೈಡ್ ಬಳಸುವವರಿಗೆ ಹವೆಯೇ ರೆಗ್ಯುಲೇಟರ್. ಅದರ ಒತ್ತಡ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 500 ಪಿಎಸ್‌ಐ, 20ರಲ್ಲಿ ಸುಮಾರು 830, 30ರಲ್ಲಿ ಸಾವಿರ ದಾಟುತ್ತದೆ. ಬೆಳಿಗ್ಗೆ ಸರಿಯಿದ್ದ ಮಾರ್ಕರ್ ಮಧ್ಯಾಹ್ನದ ಬಿಸಿಲಲ್ಲಿ ಸೋರಿದರೆ ಆಶ್ಚರ್ಯವಿಲ್ಲ. ಬೇಗಬೇಗ ಹೊಡೆದಾಗ ದ್ರವವೇ ಒಳಗೆ ಹೋಗಿ ಸೀಲುಗಳು ಹೆಪ್ಪುಗಟ್ಟಿ ಗಟ್ಟಿಯಾಗುತ್ತವೆ. ಆಗಿನ ಸೋರಿಕೆ ಹತ್ತು ನಿಮಿಷ ಬಿಟ್ಟರೆ ನಿಂತೀತು. ಅದಕ್ಕೆ ಏನನ್ನೂ ಬಿಚ್ಚಬೇಕಿಲ್ಲ.

ಕೊನೆಗೆ ಟ್ಯಾಂಕ್. ಟ್ಯಾಂಕಿನ ಮೂತಿಯ 015 ರಿಂಗ್ ಬಿಟ್ಟು ಅದರಲ್ಲಿ ಮನೆಯಲ್ಲಿ ಕೈಹಾಕುವಂಥದು ಏನೂ ಇಲ್ಲ. ಟ್ಯಾಂಕಿನ ರೆಗ್ಯುಲೇಟರಿನಲ್ಲಿ ಎರಡು ಬರ್ಸ್ಟ್ ಡಿಸ್ಕ್‌ಗಳಿರುತ್ತವೆ. ಒತ್ತಡ ಮಿತಿ ಮೀರಿದರೆ ಮೊದಲು ಒಡೆದು ಗಾಳಿ ಬಿಡುವುದು ಅವುಗಳ ಕೆಲಸ. ಹೆಚ್ಚಿನ ಒತ್ತಡದ ಕಡೆಯದು 3,000ದ ಟ್ಯಾಂಕಿಗೆ 5,000 ಪಿಎಸ್‌ಐ, 4,500ರದಕ್ಕೆ 7,500. ಕಡಿಮೆ ಒತ್ತಡದ ಕಡೆಯದು ಸಾಮಾನ್ಯವಾಗಿ 1,800. ಅಲ್ಲಿ ಸೋರುತ್ತಿದೆಯೆಂದು ಸ್ಕ್ರೂ ಹಾಕಿ ಮುಚ್ಚಿದರೆ, ದೊಡ್ಡ ರೇಟಿಂಗಿನದು ಹಾಕಿದರೆ ಮುಂದೆ ಒಡೆಯುವುದು ಟ್ಯಾಂಕೇ. ತುಂಬಿಸುವ ನಿಪ್ಪಲ್‌ನಲ್ಲಿ ಸೋರಿದರೆ ಒಳಗೆ ಕಸ ಕೂತಿರಬಹುದು. ಅದನ್ನು ಟ್ಯಾಂಕ್ ಪೂರ್ತಿ ಖಾಲಿಯಾದ ಮೇಲೆ ಮಾತ್ರ, ತರಬೇತಿ ಪಡೆದವರು ಬದಲಿಸಬೇಕು. ಸಿಲಿಂಡರ್ ಮೇಲೆ ಒತ್ತಿದ ಪರೀಕ್ಷೆಯ ದಿನಾಂಕದ ಅವಧಿ ಮುಗಿದಿದ್ದರೆ ಸೋರದಿದ್ದರೂ ತುಂಬಿಸಬಾರದು. ಆ ನಿಪ್ಪಲ್‌ಗೆ ಎಣ್ಣೆ ಬಿಡುವುದಂತೂ ಕೂಡದೇ ಕೂಡದು. ಸಾವಿರಾರು ಪಿಎಸ್‌ಐ ಗಾಳಿ ಒಮ್ಮೆಲೇ ನುಗ್ಗಿ ಒತ್ತಿಕೊಂಡಾಗ ಬಿಸಿಯೇಳುತ್ತದೆ, ಆ ಬಿಸಿಗೆ ಎಣ್ಣೆ ಹೊತ್ತಿಕೊಳ್ಳಬಲ್ಲದು. ಡೀಸೆಲ್ ಎಂಜಿನ್ ಕಿಡಿಯಿಲ್ಲದೆ ಓಡುವುದು ಇದೇ ತತ್ವದ ಮೇಲೆ.

ಯಾವ ಸೀಲ್ ಬದಲಿಸಿದರೂ, ಬರೀ ಗ್ರೀಸ್ ಹಚ್ಚಿದರೂ ಗುಂಡಿನ ವೇಗ ಬದಲಾಗುತ್ತದೆ. ಬೋಲ್ಟ್ ಸರಾಗವಾಗಿ ಓಡತೊಡಗಿದರೆ ಮೊದಲಿಗಿಂತ ಜೋರು. ಮೈದಾನಗಳಲ್ಲಿ ಸಾಮಾನ್ಯವಾಗಿ ಒಪ್ಪುವ ಗರಿಷ್ಠ ವೇಗ ಸೆಕೆಂಡಿಗೆ 300 ಅಡಿ, ಹಲವೆಡೆ 280. ಆಟಕ್ಕಿಳಿಯುವ ಮೊದಲು ಕ್ರೋನೋಗ್ರಾಫ್ ಮುಂದೆ ಹತ್ತು ಗುಂಡು ಹೊಡೆದು ನೋಡಬೇಕು, ಅದರಲ್ಲಿ ಒಂದೂ ಮಿತಿ ದಾಟಬಾರದು.

ಇಷ್ಟನ್ನೂ ಅಚ್ಚು ಹಾಕಲು ಜಾಗವಿಲ್ಲದಿದ್ದರೆ, ಎಣ್ಣೆಯ ಹನಿ ಮೆಕ್ಯಾನಿಕಲ್ ಮಾರ್ಕರಿನ ಅಡಾಪ್ಟರ್‌ಗೆ ಮಾತ್ರ, ಎಲೆಕ್ಟ್ರಾನಿಕ್ ಮಾರ್ಕರ್‌ಗೂ ಟ್ಯಾಂಕಿನ ಯಾವ ಬಾಯಿಗೂ ಅಲ್ಲ ಎಂಬ ತಿದ್ದುಪಡಿಯನ್ನಾದರೂ ಅದೇ ಪುಟದಲ್ಲಿ, ಅದೇ ಚೌಕಟ್ಟಿನಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ,
ಮಾರ್ಕರ್ ರಿಪೇರಿ ಬಲ್ಲ ಒಬ್ಬ ಓದುಗ